ಕೆಂಪು ಬುಲ್ ಇರುವೆ: ಗುರುತು ಹಿಡಿಯುವುದು ಹೇಗೆ, ಎಲ್ಲಿ ಸಿಗುತ್ತದೆ

ಅಮ್ಮ ಚನ್ನರಾಯಪಟ್ಟಣದಿಂದ ಸಿಡ್ನಿಗೆ ಮೊದಲ ಸಲ ಬಂದಿದ್ದ ವಾರ ಅದು. ಬೆಳಗ್ಗೆ ಕಾಫಿ ಕುಡಿದು ಹಿತ್ತಲಿಗೆ ಹೋದವರು ಅಲ್ಲಿಂದಲೇ ಕೂಗಿದರು. “ಮಗಾ, ಬಾ ಇಲ್ಲಿ. ಎಷ್ಟು ದಪ್ಪ ಗೊದ್ದ ನೋಡು, ಕೆಂಪಗದೆ!” ನಾನು ಹೋಗುವಷ್ಟರಲ್ಲಿ ಅವರು ಬರಿಗಾಲಲ್ಲಿ ಕುಕ್ಕರಗಾಲು ಹಾಕಿ ಕೂತು, ಒಂದು ಒಣಕಡ್ಡಿಯನ್ನು ಅದರ ಮುಂದೆ ಹಿಡಿದಿದ್ದರು. ಇರುವೆ ಓಡಲಿಲ್ಲ. ತಲೆ ಎತ್ತಿ ಅಮ್ಮನ ಕಡೆಗೇ ತಿರುಗಿತು, ಹಳದಿ ದವಡೆಗಳನ್ನು ಅಗಲಿಸಿತು, ಮರುಗಳಿಗೆಯಲ್ಲಿ ಕಡ್ಡಿಯನ್ನು ಕಚ್ಚಿ ಹಿಡಿದು ಹೊಟ್ಟೆಯನ್ನು ಮುಂದಕ್ಕೆ ಮಡಿಚಿ ಕಡ್ಡಿಗೇ ಚುಚ್ಚತೊಡಗಿತು. “ಅಮ್ಮ, ಕಡ್ಡಿ ಬಿಟ್ಟು ಹಿಂದಕ್ಕೆ ಬಾ” ಅಂದೆ. ಅವರು ಬಿಟ್ಟರು. ಇರುವೆ ಮಾತ್ರ ಇನ್ನೂ ಸ್ವಲ್ಪ ಹೊತ್ತು ಕಡ್ಡಿಯನ್ನು ಬಿಡಲಿಲ್ಲ.

ನಮ್ಮ ಊರಿನ ಗೊದ್ದಕ್ಕೆ ಕೊಂಡಿ ಇಲ್ಲ. ಅದು ಕಚ್ಚುತ್ತದೆ, ಉರಿಯುತ್ತದೆ, ಐದು ನಿಮಿಷದಲ್ಲಿ ಮರೆತುಹೋಗುತ್ತದೆ. ಬುಲ್ ಇರುವೆ ಕಚ್ಚುವುದು ಹಿಡಿತ ಸಿಗಲಿ ಎಂದು ಮಾತ್ರ. ನಿಜವಾದ ಏಟು ಬೀಳುವುದು ಹಿಂಬದಿಯ ಕೊಂಡಿಯಿಂದ, ಕಣಜದ ಹಾಗೆ. ಜೇನಿನ ಕೊಂಡಿಯಂತೆ ಚರ್ಮದಲ್ಲಿ ಸಿಕ್ಕಿಕೊಳ್ಳುವುದಿಲ್ಲವಾದ್ದರಿಂದ ಒಂದೇ ಇರುವೆ ಮತ್ತೆ ಮತ್ತೆ ಚುಚ್ಚಬಲ್ಲದು. ಈ ಒಂದು ವ್ಯತ್ಯಾಸ ತಿಳಿಯದೆ ಆಸ್ಟ್ರೇಲಿಯಾಕ್ಕೆ ಬಂದ ನಮ್ಮವರು ಎಷ್ಟೋ ಜನ ನೋವು ತಿಂದಿದ್ದಾರೆ. ಇನ್ನು ಕೆಲವರು ಹೆದರಿ, ಕಂಡ ಕಂಡ ದೊಡ್ಡ ಇರುವೆಯ ಗೂಡಿಗೆಲ್ಲ ಕುದಿನೀರು ಸುರಿದಿದ್ದಾರೆ. ಎರಡೂ ಆಗಬಾರದು ಎಂಬುದೇ ಈ ಲೇಖನದ ಉದ್ದೇಶ. ಎದುರಿಗಿರುವುದು ಯಾವ ಇರುವೆ ಎಂದು ಸರಿಯಾಗಿ ಗುರುತಿಸಲು ಬಂದರೆ ಎಷ್ಟು ದೂರ ನಿಲ್ಲಬೇಕು, ಯಾವುದಕ್ಕೆ ಹೆದರಬೇಕಿಲ್ಲ ಎಂಬುದು ತಾನಾಗಿಯೇ ತಿಳಿಯುತ್ತದೆ.

ಬುಲ್ ಇರುವೆ ಎಂಬುದು ಒಂದೇ ಇರುವೆಯ ಹೆಸರಲ್ಲ. ಮಿರ್ಮೀಸಿಯಾ ಎಂಬ ಕುಲದಲ್ಲಿ 90ಕ್ಕೂ ಹೆಚ್ಚು ಪ್ರಭೇದಗಳಿವೆ. ನ್ಯೂ ಕ್ಯಾಲಿಡೋನಿಯಾ ದ್ವೀಪದಲ್ಲಿರುವ ಒಂದನ್ನು ಬಿಟ್ಟರೆ ಉಳಿದವೆಲ್ಲ ಆಸ್ಟ್ರೇಲಿಯಾದವೇ. ಇಲ್ಲಿ ನಾನು ಮುಖ್ಯವಾಗಿ ಹೇಳುವುದು ಮಿರ್ಮೀಸಿಯಾ ಗುಲೋಸಾ, ಅಂದರೆ ಕೆಂಪು ಬುಲ್ ಇರುವೆಯ ಬಗ್ಗೆ. ಅಮ್ಮ ಕಂಡದ್ದು ಅದನ್ನೇ. 1770ರಲ್ಲಿ ಕ್ಯಾಪ್ಟನ್ ಕುಕ್‌ನ ಎಂಡೆವರ್ ಹಡಗಿನಲ್ಲಿ ಬಂದ ಜೋಸೆಫ್ ಬ್ಯಾಂಕ್ಸ್ ಈ ದೇಶದ ಪೂರ್ವ ಕರಾವಳಿಯಿಂದ ಸಂಗ್ರಹಿಸಿ ಒಯ್ದ ಕೀಟಗಳಲ್ಲಿ ಇದೂ ಇತ್ತು. ಡೆನ್ಮಾರ್ಕಿನ ಕೀಟವಿಜ್ಞಾನಿ ಫ್ಯಾಬ್ರಿಸಿಯಸ್ 1775ರಲ್ಲಿ ಅದಕ್ಕೆ ಹೆಸರಿಟ್ಟ. ಆಸ್ಟ್ರೇಲಿಯಾದ ಇರುವೆಗಳ ಪೈಕಿ ವಿಜ್ಞಾನದ ದಾಖಲೆಗೆ ಮೊದಮೊದಲು ಸೇರಿದವುಗಳಲ್ಲಿ ಇದೂ ಒಂದು. ಗುಲೋಸಾ ಅಂದರೆ ಲ್ಯಾಟಿನ್‌ನಲ್ಲಿ ಹೊಟ್ಟೆಬಾಕ.

ಮೊದಲು ನಿಲ್ಲಿ, ಬಾಗಬೇಡಿ

ದೊಡ್ಡ ಇರುವೆ ಕಂಡ ಕೂಡಲೇ ಬಾಗಿ ನೋಡುವುದು ನಮ್ಮ ಸಹಜ ಅಭ್ಯಾಸ. ಇಲ್ಲಿ ಅದನ್ನು ಬಿಡಬೇಕು. ಬಹುಪಾಲು ಇರುವೆಗಳ ದೃಷ್ಟಿ ಮಂದ, ವಾಸನೆಯೇ ಅವುಗಳ ಲೋಕ. ಬುಲ್ ಇರುವೆ ಹಾಗಲ್ಲ, ಕಣ್ಣನ್ನೇ ನಂಬಿ ಬದುಕುತ್ತದೆ. ಸುಮಾರು ಒಂದು ಮೀಟರ್ ದೂರದಲ್ಲಿ ನೀವು ಅಲ್ಲಾಡಿದರೂ ಅದಕ್ಕೆ ಕಾಣುತ್ತದೆ, ತಲೆ ತಿರುಗಿಸಿ ನಿಮ್ಮನ್ನೇ ನೋಡುತ್ತದೆ. ಇರುವೆಯೊಂದು ನಮ್ಮತ್ತ ತಿರುಗಿ ನೋಡಿದ ಅನುಭವ ಊರಿನಲ್ಲಿ ನನಗೆ ಆಗಿರಲಿಲ್ಲ. ಮೊದಲ ಸಲ ಹಾಗಾದಾಗ ಮೈ ಜುಮ್ಮೆಂದಿತ್ತು.

ಆದ್ದರಿಂದ ಎರಡು ಮೀಟರ್ ದೂರದಲ್ಲಿ ನಿಂತುಕೊಳ್ಳಿ. ಕಾಲಲ್ಲಿ ಮುಚ್ಚಿದ ಶೂ, ಕಾಲುಚೀಲ ಇರಲಿ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ನಿಂತ ಮೇಲೆ ಮೊದಲು ನೋಡಬೇಕಾದದ್ದು ನಿಮ್ಮ ಕಾಲಿನ ಸುತ್ತಲಿನ ನೆಲವನ್ನು. ಒಂದು ಇರುವೆ ಮುಂದೆ ಕಂಡಿದೆ ಎಂದರೆ ಗೂಡಿನ ಬಾಯಿ ನಿಮ್ಮ ಹಿಂದೆಯೇ ಇರಬಹುದು. ನನಗೆ ಮೊದಲ ಸಲ ಚುಚ್ಚಿಸಿಕೊಂಡದ್ದು ಹೀಗೆಯೇ. ಮರದ ದಿಮ್ಮಿಯ ಮೇಲಿದ್ದ ಇರುವೆಯನ್ನು ನೋಡುತ್ತಾ ದಿಮ್ಮಿಯ ಬುಡದಲ್ಲಿದ್ದ ಗೂಡಿನ ಮೇಲೆಯೇ ಕಾಲಿಟ್ಟು ನಿಂತಿದ್ದೆ.

ಅಳತೆ, ಆಮೇಲೆ ದವಡೆ

ಕೆಂಪು ಬುಲ್ ಇರುವೆಯ ಕೆಲಸಗಾರ್ತಿಯರ ಉದ್ದ 14ರಿಂದ 26 ಮಿಲಿಮೀಟರ್. ಒಂದೇ ಗೂಡಿನಲ್ಲಿ ಚಿಕ್ಕವೂ ಇರುತ್ತವೆ, ಅದರ ಹೆಚ್ಚುಕಡಿಮೆ ಎರಡರಷ್ಟು ಉದ್ದದವೂ ಇರುತ್ತವೆ. ಕಣ್ಣಂದಾಜಿಗೆ ಒಂದು ಉಪಾಯ: ಆಸ್ಟ್ರೇಲಿಯಾದ ಐದು ಸೆಂಟಿನ ನಾಣ್ಯದ ಅಡ್ಡಳತೆ ಸುಮಾರು 19 ಮಿಲಿಮೀಟರ್, ಒಂದು ಡಾಲರ್ ನಾಣ್ಯದ್ದು 25. ಎರಡನ್ನೂ ಒಮ್ಮೆ ಅಂಗೈಯಲ್ಲಿಟ್ಟು ಚೆನ್ನಾಗಿ ನೋಡಿಕೊಂಡರೆ ಆ ಅಳತೆ ಕಣ್ಣಲ್ಲಿ ಕೂತುಬಿಡುತ್ತದೆ. ಐದು ಸೆಂಟಿನ ನಾಣ್ಯಕ್ಕಿಂತ ಉದ್ದದ ಇರುವೆ ಕಂಡರೆ ಬುಲ್ ಇರುವೆ ಎಂದೇ ಅನುಮಾನಿಸಿ.

ಅಳತೆಯೊಂದನ್ನೇ ನೆಚ್ಚಿಕೊಂಡರೆ ಮೋಸ ಹೋಗುತ್ತೀರಿ. ಸಿಡ್ನಿಯ ಮನೆಗಳ ಸುತ್ತ ಸಂಜೆ ಹೊತ್ತಿಗೆ ಕಾಣುವ ಸಕ್ಕರೆ ಇರುವೆ ಕೂಡ ಸಾಕಷ್ಟು ದೊಡ್ಡದು, ಒಂದೂವರೆ ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ತಲೆ ಕಪ್ಪು, ನಡುವೆ ಕಿತ್ತಳೆ ಪಟ್ಟಿ, ಹಿಂಬದಿ ಮತ್ತೆ ಕಪ್ಪು. ಇದು ನಮ್ಮ ಗೊದ್ದದ ಕುಲದ್ದೇ, ಕೊಂಡಿಯಿಲ್ಲದ್ದು. ಪಾಪದ ಇದನ್ನು ಬುಲ್ ಇರುವೆ ಎಂದುಕೊಂಡು ಕೊಲ್ಲುವವರೇ ಹೆಚ್ಚು.

ಎರಡನ್ನೂ ಬೇರೆ ಮಾಡುವುದು ದವಡೆ. ಸಕ್ಕರೆ ಇರುವೆಯ ದವಡೆ ಮೋಟು, ಒಳಕ್ಕೆ ಬಾಗಿದ್ದು, ದೂರದಿಂದ ಕಾಣುವುದೇ ಇಲ್ಲ. ಬುಲ್ ಇರುವೆಯ ದವಡೆ ತಲೆಯ ಮುಂದಕ್ಕೆ ನೀಳವಾಗಿ ಚಾಚಿರುತ್ತದೆ, ಒಂದು ಜೋಡಿ ಗರಗಸವನ್ನು ಎದುರುಬದುರು ಇಟ್ಟ ಹಾಗೆ. ಒಳ ಅಂಚಿನುದ್ದಕ್ಕೂ ಹಲ್ಲುಗಳಿರುತ್ತವೆ. ಎರಡು ಮೀಟರ್ ದೂರದಿಂದಲೂ ದವಡೆ ಬರಿಗಣ್ಣಿಗೆ ಕಾಣುತ್ತಿದ್ದರೆ ಅದು ಬುಲ್ ಇರುವೆಯೇ ಸರಿ.

ಇನ್ನೂ ಖಚಿತವಾಗಬೇಕೆಂದರೆ ಫೋಟೋ ತೆಗೆದು ಹಿಗ್ಗಿಸಿ ಸೊಂಟವನ್ನು ನೋಡಿ. ಎದೆ ಮತ್ತು ಹೊಟ್ಟೆಯ ನಡುವೆ ಬುಲ್ ಇರುವೆಗೆ ಎರಡು ಗಂಟುಗಳಿವೆ. ಎರಡು ಮಣಿ ಪೋಣಿಸಿದಂತೆ ಕಾಣುತ್ತವೆ. ಸಕ್ಕರೆ ಇರುವೆಗೆ, ನಮ್ಮ ಗೊದ್ದಕ್ಕೆ, ಮಲೆನಾಡಿನವರು ಚಟ್ನಿ ಮಾಡುವ ಚಗಳಿಗೆ ಒಂದೇ ಗಂಟು.

ಬಣ್ಣವನ್ನು ಭಾಗ ಭಾಗವಾಗಿ ಓದಿ

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. “ಕೆಂಪು ಇರುವೆ”, “ಕಪ್ಪು ಇರುವೆ” ಎಂದು ಹೇಳಿದರೆ ಬುಲ್ ಇರುವೆಗಳ ವಿಷಯದಲ್ಲಿ ಏನನ್ನೂ ಹೇಳಿದಂತಾಗುವುದಿಲ್ಲ. ಹೆಚ್ಚಿನವುಗಳಲ್ಲಿ ಕೆಂಪೂ ಇದೆ, ಕಪ್ಪೂ ಇದೆ. ಯಾವ ಭಾಗ ಕೆಂಪು, ಯಾವ ಭಾಗ ಕಪ್ಪು, ಎರಡೂ ಎಲ್ಲಿ ಸೇರುತ್ತವೆ ಎಂಬುದರಲ್ಲಿ ಗುಟ್ಟಿದೆ. ನಾನು ಯಾವಾಗಲೂ ಮುಂದಿನಿಂದ ಹಿಂದಕ್ಕೆ ಓದುತ್ತೇನೆ: ದವಡೆ, ತಲೆ, ಎದೆ, ಸೊಂಟದ ಗಂಟು, ಹೊಟ್ಟೆ. ಕಾಲು, ಕುಡಿಮೀಸೆಗಳನ್ನು ಕೊನೆಗೆ ನೋಡುತ್ತೇನೆ. ಪ್ರತಿ ಸಲ ಇದೇ ಕ್ರಮ ಇದ್ದರೆ ಯಾವುದೂ ಬಿಟ್ಟುಹೋಗುವುದಿಲ್ಲ.

ಕೆಂಪು ಬುಲ್ ಇರುವೆಯನ್ನು ಹೀಗೆ ಓದಿದರೆ: ದವಡೆ ಹಳದಿ. ತಲೆ ಕೆಂಪು, ಎದೆ ಕೆಂಪು, ಗಂಟುಗಳು ಕೆಂಪು. ಕೆಂಪೆಂದರೆ ಕುಂಕುಮದ ಕೆಂಪಲ್ಲ, ಹೊಸ ಮಂಗಳೂರು ಹೆಂಚಿನ ಬಣ್ಣ. ಹೊಟ್ಟೆಯ ಮುಂಭಾಗಕ್ಕೂ ಆ ಹೆಂಚಿನ ಬಣ್ಣ ಹರಿದಿರುತ್ತದೆ, ಅಲ್ಲಿಂದ ಹಿಂದಕ್ಕೆ ಥಟ್ಟನೆ ಕಪ್ಪು. ಕೆಂಪು ಇರುವೆಯ ಹಿಂಬದಿಯನ್ನು ಮಸಿಯಲ್ಲಿ ಅದ್ದಿ ತೆಗೆದ ಹಾಗೆ. ಕಾಲುಗಳೂ ಕೆಂಪೇ.

ಕೆಂಪೂ ಕಪ್ಪೂ ಸೇರುವ ಆ ಗೆರೆ ಹೊಟ್ಟೆಯ ಮಧ್ಯದಲ್ಲಿರುವುದು ಮುಖ್ಯ. ಅದೇ ಗಾತ್ರದ, ಅದೇ ಸಿಟ್ಟಿನ ಬೇರೆ ಬುಲ್ ಇರುವೆಗಳಲ್ಲಿ ಇಡೀ ಹೊಟ್ಟೆಯೇ ಕಪ್ಪಗಿರುತ್ತದೆ. ಅವುಗಳಲ್ಲಿ ನಿಮಗೆ ಎದುರಾಗಬಹುದಾದ ಕೆಲವನ್ನು ಹೇಳುತ್ತೇನೆ.

ಮಿರ್ಮೀಸಿಯಾ ನೈಗ್ರಿಸೆಪ್ಸ್ ಎಂಬುದರ ಹೆಸರೇ ಕರಿತಲೆ ಎಂದು. ತಲೆ ಕಪ್ಪು, ಎದೆ ಕೆಂಪು, ಹೊಟ್ಟೆ ಕಪ್ಪು. ಮಧ್ಯದಲ್ಲಿ ಮಾತ್ರ ಕೆಂಪಿದ್ದರೆ ಇದನ್ನು ನೆನೆಯಿರಿ. ಮಿರ್ಮೀಸಿಯಾ ಫೋರ್ಫಿಕೇಟಾ ಎಂಬುದಕ್ಕೆ ತಾಸ್ಮೇನಿಯಾದಲ್ಲಿ ಇಂಚ್‌ಮ್ಯಾನ್ ಎನ್ನುತ್ತಾರೆ. ಮುಂಭಾಗವೆಲ್ಲ ಕಂದುಗೆಂಪು, ಹೊಟ್ಟೆ ಪೂರ್ತಿ ಕಪ್ಪು. ಮಿರ್ಮೀಸಿಯಾ ಪೈರಿಫಾರ್ಮಿಸ್ ಇನ್ನೂ ಗಾಢ ಬಣ್ಣದ್ದು, ಕತ್ತಲಾದ ಮೇಲೆ ಹೊರಡುವಂಥದ್ದು. ಮಿರ್ಮೀಸಿಯಾ ಟಾರ್ಸೇಟಾ ಇವೆಲ್ಲಕ್ಕಿಂತ ಬೇರೆ, ಮೈ ಕಪ್ಪು, ಹೊಟ್ಟೆಯ ತುದಿ ಮಾತ್ರ ಹಳದಿ. ಅಂದರೆ ಗುಲೋಸಾದಲ್ಲಿ ಎಲ್ಲಿ ಕಪ್ಪು ಹಚ್ಚಿದೆಯೋ ಅಲ್ಲಿ ಇದಕ್ಕೆ ತಿಳಿ ಬಣ್ಣ. ಬಿಸಿಲಿನಲ್ಲಿ ಅದನ್ನು ಒಮ್ಮೆ ನೋಡಬೇಕು, ಅಷ್ಟು ಚೆಂದ.

ಇವುಗಳಲ್ಲೆಲ್ಲ ಕಡ್ಡಾಯವಾಗಿ ಗುರುತಿಸಲು ಕಲಿಯಬೇಕಾದದ್ದು ಜ್ಯಾಕ್ ಜಂಪರ್, ಮಿರ್ಮೀಸಿಯಾ ಪೈಲೊಸುಲಾ. ಇದು ಚಿಕ್ಕದು, 12ರಿಂದ 14 ಮಿಲಿಮೀಟರ್ ಅಷ್ಟೆ. ಮೈ ಕಪ್ಪು, ಕಾಲು, ಕುಡಿಮೀಸೆ, ದವಡೆ ಹಳದಿ ಇಲ್ಲವೆ ಕಿತ್ತಳೆ. ನಡೆಯುವಾಗಲೇ ತಡೆತಡೆದು ಜಿಗಿಯುತ್ತದೆ, ಕೆಣಕಿದರಂತೂ ಹಲವು ಅಂಗುಲ ಹಾರುತ್ತದೆ. ಚಿಕ್ಕದೆಂದು ಉದಾಸೀನ ಬೇಡ. ಏಕೆಂದು ಮುಂದೆ ಹೇಳುತ್ತೇನೆ.

ಎಲ್ಲಿ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ

ಬಣ್ಣ ನೋಡಿ ತೀರ್ಮಾನಕ್ಕೆ ಬರುವ ಮುಂಚೆ ನೀವು ನಿಂತಿರುವ ಊರನ್ನು ಕೇಳಿಕೊಳ್ಳಿ. ಕೆಂಪು ಬುಲ್ ಇರುವೆ ಪೂರ್ವ ಆಸ್ಟ್ರೇಲಿಯಾದ್ದು. ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್‌ನ ಕರಾವಳಿ ಕಡೆಯ ಕುರುಚಲು ಕಾಡು, ನೀಲಗಿರಿ ಮರಗಳ ತೋಪು ಇದರ ಮನೆ. ಸಿಡ್ನಿ ಈ ಕಾಡಿನ ಒಳಗೇ ಬೆಳೆದ ನಗರ. ಉತ್ತರಕ್ಕೆ ಕು-ರಿಂಗ್-ಗೈ ಚೇಸ್, ದಕ್ಷಿಣಕ್ಕೆ ರಾಯಲ್ ನ್ಯಾಷನಲ್ ಪಾರ್ಕ್, ನಡುವೆ ಲೇನ್ ಕೋವ್ ಕಣಿವೆ. ಮರಳುಗಲ್ಲಿನ ಮೇಲೆ ತೆಳುವಾಗಿ ಹರಡಿದ ಮರಳುಮಣ್ಣು, ಬ್ಯಾಂಕ್ಸಿಯಾ ಪೊದೆ, ನಡುವೆ ಬಿಸಿಲು ಬೀಳುವ ಕಾಲುದಾರಿ. ಇಂಥ ಕಾಡಿಗೆ ಬೇಲಿ ಹಂಚಿಕೊಂಡ ಮನೆ ನಿಮ್ಮದಾಗಿದ್ದರೆ ಹಿತ್ತಲಿನಲ್ಲಿ ಇದು ಕಂಡರೆ ಆಶ್ಚರ್ಯವಿಲ್ಲ.

ಪರ್ತ್‌ನಲ್ಲಿರುವವರು, ಹೋಬರ್ಟ್‌ನಲ್ಲಿರುವವರು ಕಾಣುವ ಬುಲ್ ಇರುವೆ ಗುಲೋಸಾ ಅಲ್ಲ. ತಾಸ್ಮೇನಿಯಾದಲ್ಲಿ ಜ್ಯಾಕ್ ಜಂಪರ್ ಮತ್ತು ಇಂಚ್‌ಮ್ಯಾನ್‌ಗಳದೇ ರಾಜ್ಯ. ಜ್ಯಾಕ್ ಜಂಪರ್ ವಿಕ್ಟೋರಿಯಾ, ದಕ್ಷಿಣ ಆಸ್ಟ್ರೇಲಿಯಾ, ನ್ಯೂ ಸೌತ್ ವೇಲ್ಸ್‌ನ ತಂಪು ಭಾಗ, ಕ್ಯಾನ್‌ಬೆರಾ ಸುತ್ತಲೂ ಇದೆ. ಮೆಲ್ಬರ್ನ್ ಕಡೆಯವರು ಪೈರಿಫಾರ್ಮಿಸ್ ಮತ್ತು ಫೋರ್ಫಿಕೇಟಾಗಳನ್ನು ಮೊದಲು ನೆನೆಯಬೇಕು. ನ್ಯೂಜಿಲೆಂಡ್‌ನಲ್ಲಿರುವವರಿಗೆ ಈ ಚಿಂತೆಯೇ ಇಲ್ಲ. ಆಕ್ಲೆಂಡ್‌ನ ಡೆವನ್‌ಪೋರ್ಟ್‌ನಲ್ಲಿ 1940ರ ದಶಕದಲ್ಲಿ ಬ್ರೆವಿನೋಡಾ ಎಂಬ ದೈತ್ಯ ಬುಲ್ ಇರುವೆ ಹೇಗೋ ಬಂದು ಬೇರೂರಿತ್ತು. ಮೂರುವರೆ ಸೆಂಟಿಮೀಟರ್ ಮೀರಿ ಬೆಳೆಯುವ ಅದು ಈ ಕುಲದಲ್ಲೇ ದೊಡ್ಡದು. 1981ರಲ್ಲಿ ಅದನ್ನು ಅಲ್ಲಿಂದ ಪೂರ್ತಿ ನಿರ್ಮೂಲ ಮಾಡಿದರು.

ನಿಮ್ಮ ಬಡಾವಣೆಯಲ್ಲಿ ಯಾವುದಿದೆ ಎಂದು ಮನೆಯಲ್ಲೇ ಕೂತು ನೋಡಬಹುದು. ಅಟ್ಲಾಸ್ ಆಫ್ ಲಿವಿಂಗ್ ಆಸ್ಟ್ರೇಲಿಯಾ ಜಾಲತಾಣದಲ್ಲಿ ಪ್ರಭೇದದ ಹೆಸರು ಹಾಕಿದರೆ ಅದು ಎಲ್ಲೆಲ್ಲಿ ದಾಖಲಾಗಿದೆ ಎಂಬ ನಕ್ಷೆ ತೆರೆದುಕೊಳ್ಳುತ್ತದೆ. ನಕ್ಷೆಯಲ್ಲಿ ಚುಕ್ಕಿ ಇಲ್ಲದ ಜಾಗದಲ್ಲಿ ಅದು ಇರುವುದೇ ಇಲ್ಲ ಎಂದಲ್ಲ, ಅಲ್ಲಿ ಯಾರೂ ನೋಡಿ ಬರೆದಿಲ್ಲ ಎಂದಷ್ಟೇ. ಆದರೆ ನೂರಾರು ಕಿಲೋಮೀಟರ್ ದೂರದವರೆಗೂ ಒಂದೂ ಚುಕ್ಕಿ ಇಲ್ಲದಿದ್ದರೆ ನಿಮ್ಮ ಗುರುತನ್ನು ಇನ್ನೊಮ್ಮೆ ಪರೀಕ್ಷಿಸಿ.

ಹೊತ್ತು ಮತ್ತು ಗೂಡು

ಕೆಂಪು ಬುಲ್ ಇರುವೆಯನ್ನು ಹಗಲಿನಲ್ಲೇ ನೋಡಬಹುದು, ಬೆಚ್ಚಗಿನ ತಿಂಗಳುಗಳಲ್ಲಿ ಹೆಚ್ಚು. ಟಾರ್ಚ್ ಹಿಡಿದು ರಾತ್ರಿ ಎಂಟು ಗಂಟೆಗೆ ನೀಲಗಿರಿ ಮರದ ಬುಡದಲ್ಲಿ ಕಂಡದ್ದು ಬಹುಪಾಲು ಬೇರೆ ಪ್ರಭೇದ. ಸಿಡ್ನಿಯಲ್ಲಿ ಅದು ಮಿರ್ಮೀಸಿಯಾ ಮಿಡಾಸ್ ಇರಬಹುದು, ಮರದ ಬುಡದಲ್ಲೇ ಗೂಡು ಮಾಡಿಕೊಂಡು ರಾತ್ರಿ ಮರ ಹತ್ತುವ ಇರುವೆ.

ಬುಲ್ ಇರುವೆ ಸಾಲುಗಟ್ಟಿ ನಡೆಯುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಸಕ್ಕರೆ ಡಬ್ಬಿಗೆ ಸಾಲು ಹಿಡಿದು ಬರುವ ಇರುವೆಗಳನ್ನು ನೋಡಿದ ನಮಗೆ ಇದು ವಿಚಿತ್ರ. ಇಲ್ಲಿ ಪ್ರತಿಯೊಂದೂ ಒಬ್ಬಂಟಿ ಬೇಟೆಗಾರ್ತಿ. ದಾರಿಯಲ್ಲಿ ವಾಸನೆ ಬಿಟ್ಟು ಹೋಗುವುದಿಲ್ಲ, ಕಣ್ಣಿಗೆ ಕಾಣುವ ಮರ, ದಿಗಂತ, ಆಕಾಶದ ಬೆಳಕನ್ನು ನೋಡಿ ಹೋಗಿ ಬರುತ್ತದೆ. ಈ ದಾರಿ ಹುಡುಕುವ ವಿದ್ಯೆಯನ್ನು ಕ್ಯಾನ್‌ಬೆರಾ ಮತ್ತು ಸಿಡ್ನಿಯಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿದವರಲ್ಲಿ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಅಜಯ್ ನರೇಂದ್ರ ಒಬ್ಬರು; ದಕ್ಷಿಣ ಭಾರತದ ಇರುವೆಗಳ ಬಗ್ಗೆ ಕೈಪಿಡಿ ಬರೆದವರೂ ಅವರೇ. ಹಗಲಿನ ಬುಲ್ ಇರುವೆಗಿಂತ ರಾತ್ರಿಯ ಬುಲ್ ಇರುವೆಯ ಕಣ್ಣಿನ ಮಸೂರಗಳು ದೊಡ್ಡವು, ಕಡಿಮೆ ಬೆಳಕನ್ನೂ ಹಿಡಿಯಬೇಕಲ್ಲ, ಎಂಬುದು ಇಂಥ ಅಧ್ಯಯನಗಳಿಂದಲೇ ತಿಳಿದದ್ದು.

ಬೇಟೆಗೆ ಹೋದ ಇರುವೆ ಹಿಡಿದ ಹುಳುವನ್ನು ತಾನು ತಿನ್ನುವುದಿಲ್ಲ. ದೊಡ್ಡವರ ಆಹಾರ ಹೂವಿನ ಮಕರಂದ ಮತ್ತು ಗಿಡಗಳ ಸಿಹಿರಸ, ಮಾಂಸ ಮರಿಹುಳುಗಳಿಗೆ. ಒಮ್ಮೆ ನಮ್ಮ ಬೇಲಿಯ ಬಳಿ ಒಂದು ಕೆಂಪು ಬುಲ್ ಇರುವೆ ಜೇನುಹುಳವನ್ನು ದವಡೆಯಲ್ಲಿ ಕಚ್ಚಿಕೊಂಡು ಹಿಮ್ಮುಖವಾಗಿ ಎಳೆಯುತ್ತಾ ಹೋಗುವುದನ್ನು ಇಪ್ಪತ್ತು ನಿಮಿಷ ನೋಡಿದೆ. ಒಣ ಎಲೆ ಅಡ್ಡ ಬಂದರೆ ಹುಳವನ್ನು ಕೆಳಗಿಟ್ಟು, ಎಲೆಯ ಮೇಲೆ ಹತ್ತಿ ಸುತ್ತ ನೋಡಿ, ಇಳಿದು ಬಂದು ಮತ್ತೆ ಎತ್ತಿಕೊಳ್ಳುತ್ತಿತ್ತು. ಗೂಡು ಪತ್ತೆ ಮಾಡಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಬಾಯಲ್ಲಿ ಬೇಟೆ ಇರುವ ಇರುವೆಯನ್ನು ದೂರದಿಂದ ಹಿಂಬಾಲಿಸಿ, ಅದು ನೇರ ಮನೆಗೇ ಹೋಗುತ್ತದೆ.

ಗೂಡು ನೆಲದೊಳಗೆ. ಕೆಲವಕ್ಕೆ ಮೇಲೆ ಮಣ್ಣಿನ ದಿಬ್ಬ ಇರುತ್ತದೆ, ಕೆಲವಕ್ಕೆ ಒಂದು ತೂತು ಬಿಟ್ಟರೆ ಏನೂ ಕಾಣುವುದಿಲ್ಲ. ಜ್ಯಾಕ್ ಜಂಪರ್ ತನ್ನ ದಿಬ್ಬದ ಮೇಲೆ ಸಣ್ಣ ಜಲ್ಲಿ ಹರಡಿರುತ್ತದೆ. ಗೂಡು ಸಿಕ್ಕಿದರೆ ನಾಲ್ಕು ಮೂಲೆಗೆ ನಾಲ್ಕು ಕೋಲು ನೆಟ್ಟು ಬಣ್ಣದ ದಾರ ಕಟ್ಟಿ. ಮಕ್ಕಳಿಗೆ, ಬಂದ ನೆಂಟರಿಗೆ ತೋರಿಸಿ. ಕಾಡಿನಂಚಿನ ಮೂಲೆಯಲ್ಲಿದ್ದರೆ ಅದನ್ನು ಅದರ ಪಾಡಿಗೆ ಬಿಡಬಹುದು; ನಾವು ಹಾಗೆಯೇ ಬಿಟ್ಟಿದ್ದೇವೆ. ಮಕ್ಕಳ ಜೋಕಾಲಿಯ ಕೆಳಗೋ ಬಟ್ಟೆ ಒಣಹಾಕುವ ಜಾಗದಲ್ಲೋ ಇದ್ದರೆ, ಅಥವಾ ಮನೆಯಲ್ಲಿ ಯಾರಿಗಾದರೂ ಅಲರ್ಜಿ ಇದ್ದರೆ, ಕೀಟ ನಿಯಂತ್ರಣದವರನ್ನು ಕರೆಸಿ. ಪೆಟ್ರೋಲ್ ಸುರಿಯುವುದು, ಗುದ್ದಲಿ ಹಾಕುವುದು ಬೇಡವೇ ಬೇಡ. ಗೂಡು ಕೆದಕಿದರೆ ಒಳಗಿರುವವೆಲ್ಲ ಹೊರಬರುತ್ತವೆ.

ಫೋಟೋ ಹೇಗೆ ತೆಗೆಯಬೇಕು

ದೊಡ್ಡ ಕ್ಯಾಮೆರಾ ಬೇಕಿಲ್ಲ. ಮೊಬೈಲನ್ನು ಎರಡು ಪಟ್ಟು ಜೂಮ್ ಮಾಡಿ, ನೀವು ನಿಂತಲ್ಲಿಂದಲೇ ವಿಡಿಯೋ ತೆಗೆಯಿರಿ. ಆಮೇಲೆ ವಿಡಿಯೋದಿಂದ ಒಳ್ಳೆಯ ಚಿತ್ರಗಳನ್ನು ಆರಿಸಿಕೊಳ್ಳಬಹುದು. ಮೂರು ನೋಟ ಬೇಕು: ಮೇಲಿನಿಂದ ಇಡೀ ಮೈ, ಪಕ್ಕದಿಂದ ಸೊಂಟದ ಗಂಟುಗಳು, ಎದುರಿನಿಂದ ತಲೆ ಮತ್ತು ದವಡೆ. ನಾಲ್ಕನೆಯದಾಗಿ ಇರುವೆ ಹೋದ ಮೇಲೆ ಅದೇ ಜಾಗದಲ್ಲಿ ನಾಣ್ಯವೊಂದನ್ನು ಇಟ್ಟು ಇನ್ನೊಂದು ಚಿತ್ರ ತೆಗೆದುಕೊಳ್ಳಿ, ಎಲೆ ಕಡ್ಡಿಗಳ ಜೊತೆ ಹೋಲಿಸಿ ಇರುವೆಯ ಉದ್ದ ಅಳೆಯಬಹುದು. ಇವನ್ನು ಐ-ನ್ಯಾಚುರಲಿಸ್ಟ್ ಜಾಲತಾಣಕ್ಕೆ ಏರಿಸಿದರೆ ಬಲ್ಲವರು ನೋಡಿ ಹೆಸರು ಹೇಳುತ್ತಾರೆ. ದಿನಾಂಕದ ಜೊತೆ ಗಂಟೆಯನ್ನೂ ಬರೆಯಿರಿ. ಹಗಲಿನದೋ ರಾತ್ರಿಯದೋ ಎಂಬುದು ಎಷ್ಟು ದೊಡ್ಡ ಸುಳಿವು ಎಂದು ಮೇಲೆ ನೋಡಿದಿರಿ.

ಒಂದು ಎಚ್ಚರಿಕೆ: ಕೆಲವು ಬುಲ್ ಇರುವೆಗಳನ್ನು ಫೋಟೋದಿಂದ ಬೇರ್ಪಡಿಸಲು ಬರುವುದೇ ಇಲ್ಲ. ಜ್ಯಾಕ್ ಜಂಪರ್ ಎಂದು ಕರೆಯುವ ಗುಂಪಿನಲ್ಲೇ ನೋಡಲು ಒಂದೇ ರೀತಿ ಇರುವ ಹಲವು ಪ್ರಭೇದಗಳಿವೆ. ಅವುಗಳಲ್ಲಿ ಕ್ಯಾನ್‌ಬೆರಾ ಬಳಿ ಸಿಕ್ಕ ಮಿರ್ಮೀಸಿಯಾ ಕ್ರಾಸ್ಲಂಡಿಯಂತೂ ಜೀವಶಾಸ್ತ್ರದ ಬೆರಗು. 1986ರಲ್ಲಿ ಪ್ರಕಟವಾದ ಸಂಶೋಧನೆಯಂತೆ ಅದರ ಹೆಣ್ಣಿನ ಜೀವಕೋಶದಲ್ಲಿ ಒಂದೇ ಜೋಡಿ ಕ್ರೋಮೋಸೋಮ್, ಗಂಡಿನಲ್ಲಿ ಒಂದೇ ಒಂದು. ಅದಕ್ಕಿಂತ ಕಡಿಮೆ ಇರಲು ಸಾಧ್ಯವೇ ಇಲ್ಲ. ಕೆಂಪು ಬುಲ್ ಇರುವೆಯ ಮಟ್ಟಿಗೆ ಈ ತಾಪತ್ರಯವಿಲ್ಲ, ಹೊಟ್ಟೆಯಲ್ಲಿ ಕೆಂಪು ಮುಗಿದು ಕಪ್ಪು ಶುರುವಾಗುವ ಆ ಗೆರೆ ಸ್ಪಷ್ಟವಾಗಿ ಬಂದಿದ್ದರೆ ಸಾಕು.

ಚುಚ್ಚಿದರೆ

ಮೊದಲು ಅಲ್ಲಿಂದ ಹತ್ತು ಹೆಜ್ಜೆ ದೂರ ಹೋಗಿ. ಬಟ್ಟೆ, ಕಾಲುಚೀಲ ಜಾಡಿಸಿ. ಹಿಡಿದುಕೊಂಡಿರುವ ಇರುವೆಯನ್ನು ಎಳೆದು ತೆಗೆಯದೆ ಬೀಸಿ ಕೊಡವಿ. ಸೋಪು ನೀರಿನಲ್ಲಿ ತೊಳೆದು ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಊರಿನಲ್ಲಿ ಕಣಜ ಕಚ್ಚಿದರೆ ಸುಣ್ಣ ಹಚ್ಚುತ್ತಾರೆ, ಇಲ್ಲಿ ಹಚ್ಚಬೇಡಿ, ನೊಂದ ಚರ್ಮ ಇನ್ನಷ್ಟು ಸುಡುತ್ತದೆ. ಆಸ್ಟ್ರೇಲಿಯಾದಲ್ಲಿ ಹಾವು ಕಚ್ಚಿದರೆ ಬಿಗಿಯಾಗಿ ಬ್ಯಾಂಡೇಜ್ ಸುತ್ತಲು ಕಲಿಸುತ್ತಾರೆ. ಇರುವೆಗೆ ಅದು ಬೇಕಿಲ್ಲ. ತುರಿಕೆಗೆ ಫಾರ್ಮಸಿಯಲ್ಲಿ ಕೇಳಿ ಆಂಟಿಹಿಸ್ಟಮಿನ್ ಮಾತ್ರೆ ತೆಗೆದುಕೊಳ್ಳಬಹುದು.

ನೋವು ಹೇಗಿರುತ್ತದೆ? ನನ್ನ ಪಾದದ ಗಂಟಿನ ಮೇಲೆ ಚುಚ್ಚಿದಾಗ ಮೊದಲ ಕ್ಷಣ ಕಾದ ಸೂಜಿ ಇಳಿಸಿದಂತೆ. ಕೆಲವೇ ನಿಮಿಷದಲ್ಲಿ ಆ ಉರಿ ಇಳಿಯಿತು, ಇಷ್ಟೇನಾ ಅಂದುಕೊಂಡೆ. ಆದರೆ ಮರುದಿನ ಸಾಕ್ಸ್ ತಾಗಿದರೂ ಸಾಕು, ಜೀವ ಹೋಗುವಷ್ಟು ನೋವು. ಮೂರು ದಿನ ಹಾಗೇ ಇತ್ತು, ಆಮೇಲೆ ಒಂದು ವಾರ ತುರಿಕೆ. ಇದಕ್ಕೆ ಕಾರಣವನ್ನು ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಗುಲೋಸಾದ ವಿಷದಲ್ಲೇ ಕಂಡುಹಿಡಿದಿದ್ದಾರೆ. 2018ರಲ್ಲಿ ಆ ವಿಷದಲ್ಲಿ ಏನೇನಿದೆ ಎಂದು ಬಿಡಿಸಿ ನೋಡಿದರು. 2022ರಲ್ಲಿ ಪ್ರಕಟವಾದ ಕೆಲಸದಲ್ಲಿ, ಅದರಲ್ಲಿರುವ ಒಂದು ಅಂಶ ಸಸ್ತನಿಗಳ ಮೈಯಲ್ಲೇ ಇರುವ ಒಂದು ಹಾರ್ಮೋನಿನ ಅಚ್ಚನ್ನು ನಕಲು ಮಾಡಿ ಆ ಜಾಗವನ್ನು ದಿನಗಟ್ಟಲೆ ಅತಿಸೂಕ್ಷ್ಮ ಮಾಡಿಬಿಡುತ್ತದೆ ಎಂದು ತೋರಿಸಿದರು. ಹುಳುಗಳ ಮೇಲೆ ಈ ಅಂಶ ನಡೆಯುವುದಿಲ್ಲ. ಗೂಡು ಅಗೆದು ತಿನ್ನುವ ಎಕಿಡ್ನಾದಂಥ ಪ್ರಾಣಿ ಎರಡನೇ ಸಲ ಆ ಕಡೆ ಸುಳಿಯಬಾರದು ಎಂಬುದಕ್ಕೆ ಮಾಡಿಕೊಂಡ ಏರ್ಪಾಡು ಇದಿರಬೇಕು.

ಇಷ್ಟೆಲ್ಲ ಸಾಮಾನ್ಯ ನೋವಿನ ಕತೆ. ಅಲರ್ಜಿಯದು ಬೇರೆ. ಚುಚ್ಚಿದ ಜಾಗದಿಂದ ದೂರದಲ್ಲಿ ಮೈಮೇಲೆ ದದ್ದು ಎದ್ದರೆ, ಮುಖ, ತುಟಿ, ನಾಲಿಗೆ ಊದಿದರೆ, ಗಂಟಲು ಬಿಗಿದರೆ, ಉಸಿರಾಟ ಕಷ್ಟವಾದರೆ, ತಲೆ ಸುತ್ತಿದರೆ, ವಾಂತಿ, ಹೊಟ್ಟೆನೋವು ಬಂದರೆ ಕಾಯಬೇಡಿ. ವ್ಯಕ್ತಿಯನ್ನು ಅಂಗಾತ ಮಲಗಿಸಿ. ಉಸಿರು ಕಟ್ಟುತ್ತಿದ್ದರೆ ಕಾಲು ಚಾಚಿ ಕೂರಿಸಬಹುದು. ನಿಲ್ಲಿಸುವುದು, ನಡೆಸುವುದು ಕೂಡದು, ಕಾರಿನವರೆಗೂ ನಡೆಸಬೇಡಿ. ಅಡ್ರಿನಲಿನ್ ಪೆನ್ (ಜೋರು ಅಲರ್ಜಿಗೆ ಕೊಡುವ, ಪೆನ್ನಿನಂಥ ಚುಚ್ಚುಮದ್ದು) ಇದ್ದರೆ ತೊಡೆಯ ಹೊರಭಾಗದ ಮಧ್ಯಕ್ಕೆ ಕೊಡಿ, ಆಸ್ಟ್ರೇಲಿಯಾದ ತುರ್ತು ಸಂಖ್ಯೆ 000ಗೆ ಕರೆ ಮಾಡಿ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ, ಇನ್ನೊಂದು ಪೆನ್ ಇದ್ದರೆ ಅದನ್ನೂ ಕೊಡಬಹುದು.

ಜ್ಯಾಕ್ ಜಂಪರ್ ಅನ್ನು ಕಡ್ಡಾಯವಾಗಿ ಗುರುತಿಸಿ ಎಂದದ್ದು ಇದಕ್ಕೇ. ತಾಸ್ಮೇನಿಯಾದಲ್ಲಿ ನೂರಕ್ಕೆ ಸುಮಾರು ಮೂರು ಜನರಿಗೆ ಅದರ ವಿಷದ ಅಲರ್ಜಿ ಇದೆ, ಸತ್ತವರೂ ಇದ್ದಾರೆ. ಅದೇ ಇರುವೆಯ ವಿಷವನ್ನು ಅತಿ ಸಣ್ಣ ಪ್ರಮಾಣದಿಂದ ಶುರುಮಾಡಿ ಚುಚ್ಚುಮದ್ದಾಗಿ ಕೊಡುತ್ತಾ ಮೈಯನ್ನು ಒಗ್ಗಿಸುವ ಚಿಕಿತ್ಸೆ ಅಲ್ಲಿದೆ. ಅದು ಕೆಲಸ ಮಾಡುತ್ತದೆ ಎಂದು 2003ರಲ್ಲಿ ಪ್ರಕಟವಾದ ಪ್ರಯೋಗ ಸಾಬೀತು ಮಾಡಿತು, ರಾಯಲ್ ಹೋಬರ್ಟ್ ಆಸ್ಪತ್ರೆ ಈ ಚಿಕಿತ್ಸೆಯ ಕೇಂದ್ರ. ಒಮ್ಮೆ ಜೋರಾಗಿ ಅಲರ್ಜಿ ಆಗಿದ್ದರೆ ತಜ್ಞ ವೈದ್ಯರು ಕೇಳುವ ಮೊದಲ ಪ್ರಶ್ನೆ “ಯಾವ ಇರುವೆ?” ಎಂದು. “ಕೆಂಪು ಇರುವೆ ಡಾಕ್ಟ್ರೇ” ಎಂದರೆ ಅವರಿಗೆ ಉಪಯೋಗವಿಲ್ಲ. “ಎರಡು ಸೆಂಟಿಮೀಟರ್, ತಲೆ ಎದೆ ಕೆಂಪು, ಹೊಟ್ಟೆಯ ಹಿಂಭಾಗ ಕಪ್ಪು, ಹಗಲು ಹೊತ್ತು, ಫೋಟೋ ಇಲ್ಲಿದೆ” ಎಂದರೆ ಅವರ ಕೆಲಸ ಅರ್ಧ ಮುಗಿಯಿತು.

ಊರಿಗೆ ಹೋದಾಗ

ಬುಲ್ ಇರುವೆಗಳಲ್ಲಿ ಯಾವುದೂ ಕರ್ನಾಟಕದಲ್ಲಿಲ್ಲ. ಆದರೆ ಅದನ್ನೇ ನೆನಪಿಸುವ ಇನ್ನೊಂದು ಇರುವೆ ಪಶ್ಚಿಮ ಘಟ್ಟದಲ್ಲಿದೆ: ಹಾರ್ಪೆಗ್ನಾಥಸ್ ಸಾಲ್ಟೇಟರ್, ಜಿಗಿಯುವ ಇರುವೆ. ದೊಡ್ಡ ಕಣ್ಣು, ಮುಂದಕ್ಕೆ ಚಾಚಿದ ನೀಳ ದವಡೆ, ಒಬ್ಬಂಟಿ ಬೇಟೆ, ಕೊಂಡಿ, ಎಲ್ಲವೂ ಇವೆ. ಆದರೂ ಇವೆರಡೂ ಹತ್ತಿರದ ನೆಂಟರಲ್ಲ. ಒಂದೇ ಬಗೆಯ ಬದುಕು ಬೇರೆ ಬೇರೆ ಕಡೆ ಒಂದೇ ಬಗೆಯ ಮೈಯನ್ನು ಕೊಟ್ಟಿದೆ. ಬೇರೆ ಮಾಡುವ ಗುರುತು ಎರಡು. ನಮ್ಮದರ ದವಡೆಯ ತುದಿ ಮೇಲಕ್ಕೆ ಬಾಗಿದೆ, ಸೊಂಟದಲ್ಲಿ ಒಂದೇ ಗಂಟು. ಜೋಗದ ಸುತ್ತಲಿನ ಕಾಡಿನಿಂದ ತಂದ ಗೂಡುಗಳನ್ನು ವಿಜ್ಞಾನಿಗಳು ಬಹಳ ಅಧ್ಯಯನ ಮಾಡಿದ್ದಾರೆ. ಇದು ತನ್ನ ನೆಲದಡಿಯ ಕೋಣೆಯ ಗೋಡೆಗೆ, ಮರಿಗಳು ಬಿಟ್ಟು ಹೊರಬಂದ ಖಾಲಿ ಕೋಶಗಳ (ರೇಷ್ಮೆಹುಳುವಿನ ಗೂಡಿನಂಥವು) ಚೂರುಗಳನ್ನು ಅಂಟಿಸಿ ಒಳಮೈ ಹೊದಿಸುತ್ತದೆ ಎಂದು 1994ರಲ್ಲಿ ಬರೆದವರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಮುಸ್ತಾಕ್ ಅಲಿ ಅವರೂ ಇದ್ದರು.

ಕಳೆದ ರಜೆಯಲ್ಲಿ ಸಕಲೇಶಪುರದ ಕಾಫಿ ತೋಟವೊಂದರಲ್ಲಿ ಅಮ್ಮನ ಜೊತೆ ನಡೆಯುತ್ತಿದ್ದೆ. ಒದ್ದೆ ಎಲೆಗಳ ಮೇಲೆ ಏನೋ ಪುಟಿಯಿತು. ಅಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದರು. “ಬಗ್ಗಬೇಡ. ಮೊದಲು ಕಾಲ ಕೆಳಗೆ ನೋಡ್ಕೊ” ಅಂದರು. ಆಮೇಲೆ ಫೋನ್ ಹಿಗ್ಗಿಸಿ ನೋಡಿ, “ಒಂದೇ ಗಂಟು ಕಣೋ ಇದಕ್ಕೆ” ಅಂದರು.